ಗಣಿತ ಬಿಡುವ ಅರ್ಜಿ

ಸುಲೋಚನಾ,

ತೊಂಡೆ ಎಲೆಯಿಂದ ಸ್ಲೇಟು ಉಜ್ಜುವಾಗ ಬರುತ್ತಿದ್ದ ಹಸಿ ವಾಸನೆ ಈ ಅಜ್ಜಿಗೆ ಇನ್ನೂ ನೆನಪಿದೆ. ಲೆಕ್ಕ ತಪ್ಪಿದಷ್ಟೂ ಅಳಿಸಿ ಬೆರಳೆಲ್ಲ ಹಸಿರಾಗುತ್ತಿತ್ತು. ಕಾಲೇಜಿನಲ್ಲಿ ಗಣಿತ ಬಿಟ್ಟು ಚರಿತ್ರೆ ತೆಗೆದುಕೊಂಡೆ, ಚೆನ್ನಾಗಿಯೇ ಪಾಸಾದೆ.

ಐಚ್ಛಿಕ ಗಣಿತ ಬಿಡುವ ನಿನ್ನ ಅರ್ಜಿಗೆ ರುಜು ಹಾಕಿ ಇಲ್ಲಿಟ್ಟಿದ್ದೇನೆ. ಇವತ್ತೇ ಕಡೆಯ ದಿನ. ಕೊಡುವುದೋ ಹರಿದು ಹಾಕುವುದೋ, ನೀನೇ ನಿರ್ಧರಿಸು. ಮೊದಲು ಹಾಲು ಕುಡಿ. ನಾನು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಮುಳಬಾಗಿಲಿನ ಬಸ್ಸಿಗೆ ಹೊರಟೆ.

“ಲೆಕ್ಕ ಬಿಟ್ರೆ ಸ್ಕೂಲೂ ಬಿಡು ಕಣೇ” ಎಂದು ನಿನ್ನೆ ಕೂಗಾಡಿದ ನಿಮ್ಮಪ್ಪನಿಗೆ ಹೆದರಬೇಡ. ಈಗ ತಾನೇ ಅಡಿಗೆಮನೆಯಿಂದ ಬಂದ. ಚಿತ್ರಾನ್ನ ಕಲಸಿ ಬೆರಳೆಲ್ಲ ಹಳದಿಯಾಗಿತ್ತು. ನಿನ್ನ ಅರ್ಜಿಯನ್ನು ಓದಿದ. “ಅವಳ ಸ್ಕೂಲಿಗೆ” ಎಂದು ಮೆಲ್ಲಗೆ ಊಟದ ಡಬ್ಬಿಯನ್ನು ನನ್ನ ಕೈಗಿಟ್ಟ. ಅದನ್ನೂ ಅರ್ಜಿಯ ಪಕ್ಕದಲ್ಲೇ ಇಟ್ಟಿದ್ದೇನೆ.