ಬೆನ್ನಿಗೆ ಬೆನ್ನು ಕೊಟ್ಟು ಕೂತ ಭಾನುವಾರ

ಪ್ರೀತಿಯ ಸುಶೀಲಕ್ಕಾ,

ನಾನು ನಿಮಗೆ ಒಂದೇ ಒಂದು ಕಾಗದವನ್ನೂ ಬರೆದವಳಲ್ಲ. ಬರೆಯುವ ಅಗತ್ಯ ಎಲ್ಲಿತ್ತು? ನೀವು ತೀರ್ಥಹಳ್ಳಿಯ ಟೆಲಿಫೋನ್ ಬೋರ್ಡಿನ ಮುಂದೆ, ನಾನು ಸಾಗರದ ಬೋರ್ಡಿನ ಮುಂದೆ, ನಡುವೆ ಒಂದು ತಂತಿ. ಈಗ ಆ ಬೋರ್ಡುಗಳಿಲ್ಲ, ನೀವು ಹೋಗಿಯೂ ಎಷ್ಟೋ ವರ್ಷವಾಯಿತು. ಆದರೆ ಮೊನ್ನೆ ಶಿವಮೊಗ್ಗಕ್ಕೆ ಹೋಗಿ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎಂಬತ್ತು ದಾಟಿದ ಮುದುಕಿ ಹಜಾರದ ಉದ್ದಕ್ಕೂ ಓಡಾಡುತ್ತಿದ್ದೇನೆ! ಇದನ್ನು ನಿಮಗಲ್ಲದೆ ಇನ್ನು ಯಾರಿಗೆ ಹೇಳಲಿ?

ಬೋರ್ಡಿನ ಮುಂದೆ ಕೂತ ಮೊದಲ ದಿನ ನೆನಪಾಗುತ್ತಿದೆ. ಅರವತ್ತರ ದಶಕ ಶುರುವಾಗಿತ್ತು, ನನಗೆ ಇಪ್ಪತ್ತು ದಾಟಿತ್ತು. ಅದಕ್ಕೆ ಮೊದಲು ಮನೆಯವರು ನನ್ನನ್ನು ಏನೇನೋ ಮಾಡಲು ಹೋಗಿ ಸೋತಿದ್ದರು. ಪಾಠ ಹೇಳಲು ಕಳಿಸಿದರೆ ಮಕ್ಕಳ ಗಲಾಟೆ ತಾಳಲಾರದೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತೆ. ಹೆಣ್ಣು ನೋಡಲು ಬಂದಾಗ ಹುಡುಗನ ತಾಯಿ, “ನಮ್ಮ ಹುಡುಗ ಹ್ಯಾಂಗ್ ಕಾಣ್ತಾನಮ್ಮಾ?” ಎಂದು ಕೇಳಿದರು. ನಾನು ಸರಿಯಾಗಿ ನೋಡಿ, “ಕೋಟು ಬೇರೆಯವರದ್ದು ಅನ್ಸುತ್ತೆ, ತೋಳು ಉದ್ದ ಆಯ್ತು” ಎಂದೆ. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಕೇಳಿದ್ದಕ್ಕೆ ಉತ್ತರ ಹೇಳಿದರೆ ಅಳುವುದೇಕೆ? ನನಗೆ ಅದು ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ಆದರೆ ಆ ಬೋರ್ಡು! ಪ್ರತಿ ನಂಬರಿಗೂ ಒಂದು ಪುಟ್ಟ ಹಿತ್ತಾಳೆಯ ಮುಚ್ಚಳ. ಊರಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ಅದು ಟಕ್ ಎಂದು ಬೀಳುತ್ತಿತ್ತು. ವೈರು ಸಿಕ್ಕಿಸಿ “ನಂಬರ್ ಪ್ಲೀಸ್” ಎನ್ನಬೇಕು, ಕೇಳಿದ ನಂಬರಿಗೆ ಇನ್ನೊಂದು ತುದಿ ಸಿಕ್ಕಿಸಬೇಕು. ಯಾರ ಮುಖವನ್ನೂ ನೋಡುವಂತಿಲ್ಲ. ಮಾತು ನೇರ ಕಿವಿಯೊಳಗೆ, ಒಂದಾದ ಮೇಲೆ ಒಂದು. ಜಗತ್ತು ಹೀಗೂ ಇರಬಹುದು ಎಂದು ನನಗೆ ಯಾರೂ ಯಾಕೆ ಹೇಳಿರಲಿಲ್ಲ?

ನಮ್ಮಿಬ್ಬರ ಮೊದಲ ಮಾತು ನಿಮಗೆ ಮರೆತಿರಲಿಕ್ಕಿಲ್ಲ. ಯಾರೋ ಪರವೂರಿಗೆ ಮಾಡಿದ ಟ್ರಂಕ್ ಕಾಲ್. ನೀವು ತೀರ್ಥಹಳ್ಳಿಯಿಂದ, “ಒಂಚೂರು ಲೈನ್ ಹಿಡ್ಕೊಂಡಿರೇ ಸಾಗರ” ಅಂದಿರಿ. ನಾನು ವೈರನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಕೂತೆ. ನೀವು ಬಹಳ ಹೊತ್ತು ಬರಲಿಲ್ಲ. ಕಡೆಗೆ ಬಂದಾಗ, “ಹಿಡ್ಕೊಂಡೇ ಇದೀನಿ, ಕೈ ನೋಯ್ತಿದೆ” ಎಂದೆ. ಆ ಕಡೆಯಿಂದ ನಿಮ್ಮ ನಗು.

“ಅಯ್ಯೋ ಮಾರಾಯ್ತೀ, ಕೈಯಲ್ಲಿ ಹಿಡ್ಕಂಡ್ಯಾ? ಲೈನ್ ಬಿಟ್ಟು ಹೋಗ್ಬೇಡ ಅಂದಿದ್ದು ಕಣೇ ನಾನು.”

“ಹಾಗಂತ ಹೇಳ್ಬೇಕಿತ್ತು.”

“ಹೌದು. ಹಂಗೇ ಹೇಳ್ಬೇಕಿತ್ತು. ಇನ್ಮೇಲೆ ಹಂಗೇ ಹೇಳ್ತೀನಿ.”

ನನ್ನ ಮಾತಿಗೆ ನಕ್ಕವರು ಬಹಳ ಜನ ಇದ್ದರು. ನಕ್ಕ ಮೇಲೆ ತಮ್ಮ ಮಾತನ್ನು ತಿದ್ದಿಕೊಂಡವರು ನೀವೊಬ್ಬರೇ. ಮಾರನೆಯ ದಿನದಿಂದ ನನಗೆ ನೀವು ಸುತ್ತು ಬಳಸಿ ಏನನ್ನೂ ಹೇಳಲಿಲ್ಲ. ಸಿಟ್ಟು ಬಂದಿದ್ದರೆ “ನಂಗೆ ಸಿಟ್ಟು ಬಂದಿದೆ, ನಿನ್ನ ಮೇಲಲ್ಲ” ಅನ್ನುತ್ತಿದ್ದಿರಿ. ಇಂಥ ಸುಖ ನನಗೆ ಅಮ್ಮನ ಹತ್ತಿರವೂ ಸಿಕ್ಕಿರಲಿಲ್ಲ ಸುಶೀಲಕ್ಕಾ.

ಊರವರಿಗೆ ಮಾತ್ರ ನನ್ನಿಂದ ಸುಖವಿರಲಿಲ್ಲ. ಸಣ್ಣ ಊರಲ್ಲಿ ಆಪರೇಟರ್ ಎಂದರೆ ಅರ್ಧ ನೆಂಟಳಲ್ಲವೇ? ಬಟ್ಟೆ ಅಂಗಡಿಯವರು, “ಏನಮ್ಮಾ, ಹೇಗಿದೀಯ?” ಎಂದು ಕೇಳಿದರೆ, ರಾತ್ರಿ ನಿದ್ದೆ ಬರದ ಕತೆಯನ್ನು ನಾನು ಮೊದಲಿಂದ ಹೇಳುತ್ತಿದ್ದೆ. ಇಲ್ಲವೇ “ನಂಬರ್ ಪ್ಲೀಸ್” ಎಂದಷ್ಟೇ ಹೇಳುತ್ತಿದ್ದೆ. ಎರಡರಲ್ಲಿ ಯಾವುದೂ ಸರಿಯಲ್ಲ ಎಂದು ದೂರು ಬಂತು. ಆಗ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಪಾಠ ಶುರುವಾಯಿತು. ನೀವು ಒಮ್ಮೆ ಬಟ್ಟೆ ಅಂಗಡಿಯವರಾಗಿ, ಒಮ್ಮೆ ಡಾಕ್ಟರಾಗಿ, ಒಮ್ಮೆ ಕೆಮ್ಮುವ ಶಾನುಭೋಗರಾಗಿ ಆ ತುದಿಯಿಂದ ಫೋನ್ ಮಾಡುತ್ತಿದ್ದಿರಿ. ಕೆಮ್ಮು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ನನಗೆ ನಿಜವಾಗಿಯೂ ಭಯವಾಗುತ್ತಿತ್ತು!

“ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅನ್ನು. ಅಷ್ಟೇ.”

“ತಲೆನೋವಿದ್ರೆ?”

“ಆದ್ರೂ ಅಷ್ಟೇ.”

“ಅದು ಸುಳ್ಳು.”

“ಸುಳ್ಳಲ್ಲ ಕಣೇ. ಮನೆ ಒಳಗೆ ಬರೋಕೆ ಮುಂಚೆ ಬಾಗಿಲು ತಟ್ತಾರಲ್ಲ, ಹಂಗೆ. ಅವ್ರು ತಟ್ಟಿದ್ರು, ನೀನು ಬನ್ನಿ ಅಂದೆ.”

ಬಾಗಿಲು ತಟ್ಟುವುದು! ಅದನ್ನು ಕೇಳಿದ ದಿನ ನಾನು ಮನೆಗೆ ಹೆಚ್ಚುಕಡಿಮೆ ಓಡುತ್ತ ಹೋದೆ. ಇಷ್ಟು ವರ್ಷ ಜನ ಒಬ್ಬರನ್ನೊಬ್ಬರು ಯಾಕೆ ಅರ್ಥವಿಲ್ಲದ್ದನ್ನು ಕೇಳುತ್ತಾರೆ ಎಂದು ತಲೆ ಕೆಡಿಸಿಕೊಂಡಿದ್ದೆನಲ್ಲ, ಅವರು ಬಾಗಿಲು ತಟ್ಟುತ್ತಿದ್ದರಷ್ಟೆ.

ಒಂದು ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದದ್ದು ನೆನಪಿದೆಯೇ? ತೀರ್ಥಹಳ್ಳಿ ಸತ್ತೇ ಹೋಯಿತು. ನಾನು ಎಂದಿನ ಹೊತ್ತಿಗೆ ಎಂದಿನ ಬಿಳಿ ಸೀರೆಯುಟ್ಟು ಹೋಗುತ್ತಿದ್ದೆ. ಎಂದಿನಂತೆ ಮೊಸರವಲಕ್ಕಿ ತಿನ್ನುತ್ತಿದ್ದೆ. ಆದರೆ ದಿನದ ಒಂದು ತುಂಡು ಕಾಣೆಯಾದರೆ ನನಗೆ ಉಳಿದ ದಿನವೂ ನಿಲ್ಲುವುದಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ನಿಮ್ಮ ಮುಚ್ಚಳ ಟಕ್ ಎಂದು ಬಿತ್ತು. “ಹಲೋ ಸಾಗರಾ, ಬದುಕಿದೀಯೇನೇ?” “ಬದುಕಿದೀನಿ” ಎಂದೆ. ಹಾಗೆನ್ನುವಾಗ ಎರಡೂ ಕೈ ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುತ್ತಿದ್ದವು. ಖುಷಿಯಾದರೆ ನನ್ನ ಕೈ ಹಾಗೆ. ಪಕ್ಕದಲ್ಲಿ ಕೂತ ಆಪರೇಟರ್ ನೋಡಿ ಮುಖ ತಿರುಗಿಸಿದಳು. ತಿರುಗಿಸಿಕೊಳ್ಳಲಿ!

ಇನ್ನು ಹೊಸನಗರದ ಭಾನುವಾರ... ಅದನ್ನು ನೆನೆದರೆ ಇವತ್ತಿಗೂ ಕೈ ನಿಲ್ಲುವುದಿಲ್ಲ. ಅದಕ್ಕೆ ಕಾರಣ ನನ್ನ ದೊಡ್ಡ ಆಪತ್ತು. ನಮ್ಮ ಆಫೀಸರು ಒಳ್ಳೆಯವರೇ. ನನ್ನ ಕಷ್ಟ ನೋಡಿ, “ಈಕೆಯನ್ನು ಬೋರ್ಡಿಂದ ತೆಗೆದು ಕೌಂಟರಿಗೆ ಹಾಕೋಣ, ಜನರ ಜೊತೆ ಬೆರೆತು ಸರಿಹೋಗ್ತಾಳೆ” ಎಂದು ತೀರ್ಮಾನಿಸಿದ್ದರು. ಕೌಂಟರು! ಜಾಲರಿಯಾಚೆ ಮುಖಗಳು, ಮುಖಗಳ ಹಿಂದೆ ಮುಖಗಳು, ಎಲ್ಲರೂ ಒಟ್ಟಿಗೆ ಮಾತಾಡುವವರು. ಆಫೀಸರ ಮುಂದೆ ನಿಂತು ಬೇಡ ಎನ್ನಲು ಹೋದರೆ ನನ್ನ ಬಾಯಿಂದ ಒಂದು ಅಕ್ಷರವೂ ಬರಲಿಲ್ಲ. ಇದನ್ನು ಕೇಳಿದ ನೀವು, “ಹೊಸನಗರ ಇಬ್ರಿಗೂ ನಡುವೆ. ಅಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ. ಭಾನುವಾರ ಬಾ, ಕೂತು ಮಾತಾಡೋಣ” ಅಂದಿರಿ. ಬಸ್ಸಿನಲ್ಲಿ ನಾನು ಹೇಗೆ ಬಂದೆನೋ! ಹಾರ್ನು, ಬೀಡಿ ವಾಸನೆ, ಮಡಿಲಿಗೆ ಯಾರದೋ ಕೋಳಿ. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲಿ ಬೋರ್ಡಿನ ನಂಬರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತ ಬಂದೆ.

ಬಂದು ನೋಡಿದರೆ ನಿಮಗೊಂದು ಮುಖವಿತ್ತು! ಎತ್ತರದ ಮೈಕಟ್ಟು, ಹೊಳೆಯುವ ಬೆಂಡೋಲೆ, ಕೈತುಂಬ ಸದ್ದು ಮಾಡುವ ಬಳೆ, ತಲೆಯಲ್ಲಿ ಘಮ್ಮೆನ್ನುವ ಮಲ್ಲಿಗೆ. ನಿಮ್ಮ ದನಿ ಆ ಮುಖದಿಂದ ಬರುತ್ತಿದೆ ಎಂದು ನಂಬಲಾಗದೆ ನಾನು ಕಂಬದ ಹಾಗೆ ನಿಂತೆ. ನೀವು ಕೈ ಹಿಡಿಯಲು ಬಂದಿರಿ, ನಾನು ಹಿಂದೆ ಸರಿದೆ. ಇಷ್ಟು ವರ್ಷದ ಗೆಳತಿಗೆ ಒಂದು ಮಾತೂ ಆಡಲಾಗದೆ... ಬೇರೆ ಯಾರಾಗಿದ್ದರೂ ಬೇಸರಪಟ್ಟು ಕಾಫಿ ಕೊಟ್ಟು ಬಸ್ಸು ಹತ್ತಿಸಿಬಿಡುತ್ತಿದ್ದರು. ನೀವು ಬಳೆಗಳನ್ನು ಕಳಚಿ ಕಿಟಕಿಯಲ್ಲಿಟ್ಟಿರಿ. ಮಲ್ಲಿಗೆಯನ್ನು ತೆಗೆದು ಚಿಕ್ಕಮ್ಮನಿಗೆ ಕೊಟ್ಟಿರಿ. ಜಗಲಿಯ ಮೇಲೆ ನನಗೆ ಬೆನ್ನು ಹಾಕಿ ಕೂತಿರಿ. ನಾನೂ ತಿರುಗಿ ಕೂತೆ. ನಿಮ್ಮ ಬೆನ್ನು ನನ್ನ ಬೆನ್ನಿಗೆ ಮೆತ್ತಗೆ ತಾಗಿತು.

“ಹಲೋ ಸಾಗರ, ತೀರ್ಥಹಳ್ಳಿ ಮಾತಾಡ್ತಿದೀನಿ.”

“ಹೇಳಿ ತೀರ್ಥಹಳ್ಳಿ!” ಎಂದೆ. ಕಟ್ಟೆ ಒಡೆದ ಹಾಗಾಯಿತು! ದಾರಿಯಲ್ಲಿ ಹೋಗುವವರು ನಿಂತು ನೋಡಿದರಂತೆ. ಚಿಕ್ಕಮ್ಮ, “ಎಂತದಿದು ಇಬ್ರೂ ಜಗಳ ಮಾಡ್ಕಂಡ್ರಾ?” ಎಂದು ಕೇಳಿದರಂತೆ. ನನಗೆ ಒಂದೂ ಕೇಳಿಸಲಿಲ್ಲ.

ಅವತ್ತೇ ನೀವು ಗಂಡನ ವಿಷಯ ಹೇಳಿದ್ದು. ಬೊಂಬಾಯಿಗೆ ಹೋದವರು ತಿರುಗಿ ಬಂದಿರಲಿಲ್ಲ. ತೀರ್ಥಹಳ್ಳಿಯಲ್ಲಿ ನೀವು ಎಲ್ಲಿ ಹೋದರೂ ಜನ ಪಾಪ ಎನ್ನುತ್ತಿದ್ದರು. ನಾನು ಕೇಳಿದೆ: “ಅವ್ರು ಬಂದ್ರೆ ನಿಮ್ಗೆ ಚಂದವಾ, ಬರದಿದ್ರೆ ಚಂದವಾ?” ನಿಮ್ಮ ಬೆನ್ನು ಅಲುಗಾಡುವುದನ್ನು ನಿಲ್ಲಿಸಿತು. “ಇದನ್ನ ಯಾರೂ ಕೇಳಿರ್ಲಿಲ್ಲ ಕಣೇ” ಅಂದಿರಿ. “ಬರದಿದ್ರೇ ಚಂದ. ಅಯ್ಯೋ ದೇವ್ರೇ, ಬರದಿದ್ರೇ ಚಂದ!” ಎಂದು ನಗತೊಡಗಿದಿರಿ. ಆ ನಗು ನಿಮ್ಮ ಬೆನ್ನಿನಿಂದ ನನ್ನ ಬೆನ್ನಿಗೆ ಇಳಿಯುತ್ತಿತ್ತು. ನಕ್ಕು ಮುಗಿಸಿ ಕೇಳಿದಿರಿ: “ನಿನ್ನ ಆಫೀಸರ ರೂಮಲ್ಲಿ ಫೋನ್ ಇಲ್ವೇನೇ?”

ಸೋಮವಾರದ ಬೆಳಿಗ್ಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಫೀಸರು ಗೋಡೆಯಾಚೆಯ ಕೋಣೆಯಲ್ಲಿದ್ದರು. ನಾನು ಅವರ ನಂಬರಿಗೆ ವೈರು ಸಿಕ್ಕಿಸಿದೆ. ಗಂಟೆ ನನಗೆ ಗೋಡೆಯ ಮೂಲಕವೂ ಕೇಳಿಸಿತು.

“ಸರ್, ನಾನು ಬೋರ್ಡಿಂದ ವನಜಾಕ್ಷಿ. ಎದುರಿಗೆ ಬಂದ್ರೆ ಮಾತು ಬರಲ್ಲ, ಅದಕ್ಕೆ ಇಲ್ಲಿಂದ ಹೇಳ್ತಿದೀನಿ. ನನ್ನನ್ನ ಕೌಂಟರಿಗೆ ಹಾಕ್ಬೇಡಿ. ಅಲ್ಲಿ ನಾನು ಹಾಳಾಗ್ತೀನಿ. ಇಲ್ಲಿ ಚೆನ್ನಾಗಿದೀನಿ. ಇದು ಬಾಗಿಲು ತಟ್ಟಿದ್ದಕ್ಕೆ ಹೇಳೋ ಚೆನ್ನಾಗಿದೀನಿ ಅಲ್ಲ ಸರ್, ನಿಜವಾಗ್ಲೂ ಚೆನ್ನಾಗಿದೀನಿ.”

ಅವರ ಕುರ್ಚಿ ಕಿರ್ ಎಂದಿತು. ಎದ್ದು ಬರುತ್ತಾರೆ ಎಂದುಕೊಂಡೆ. ಆದರೆ ಅವರು ಬರಲಿಲ್ಲ. ಫೋನಿನಲ್ಲೇ, “ಎದುರಿಗೆ ನಿಂತಾಗ ಯಾವತ್ತೂ ಇಷ್ಟು ಮಾತಾಡಿಲ್ವಲ್ಲಮ್ಮಾ ನೀನು” ಎಂದರು. “ಇಲ್ಲ ಸರ್” ಎಂದೆ. “ಸರಿ, ಅಲ್ಲೇ ಇರು” ಎಂದರು. ಸರಿ ಎಂದರೆ ಇವತ್ತಿಗೋ ಯಾವಾಗಲಿಗೋ ಎಂದು ಕೇಳಿದೆ. ಗೋಡೆಯಾಚೆಯಿಂದಲೂ ಕಿವಿಯೊಳಗಿಂದಲೂ ಒಟ್ಟಿಗೆ ನಗು ಬಂತು. “ಯಾವಾಗ್ಲೂ!” ಅಲ್ಲಿಂದ ಮುಂದೆ ಅವರು ಇರುವವರೆಗೂ ನನಗೆ ಏನೇ ಹೇಳಬೇಕಿದ್ದರೂ ಪಕ್ಕದ ಕೋಣೆಯಿಂದ ಫೋನ್ ಮಾಡಿಯೇ ಹೇಳುತ್ತಿದ್ದರು. ಅವತ್ತು ಅವರು ಫೋನ್ ಇಟ್ಟ ಕೂಡಲೇ ನಾನು ನಿಮ್ಮ ಲೈನಿಗೆ ಹಾರಿದ್ದು, ಇಬ್ಬರೂ ಒಟ್ಟಿಗೆ ಕಿರುಚಿದ್ದು, ಮಧ್ಯೆ ಸಿಕ್ಕಿದ ಯಾವುದೋ ಮಂಡಿ ಸಾಹುಕಾರರು ಗಾಬರಿಯಾಗಿ “ಯಾರು ಸತ್ರು?” ಎಂದು ಕೇಳಿದ್ದು... ಅದೆಲ್ಲ ನಿಮಗೆ ಗೊತ್ತೇ ಇದೆ.

ನಿಮಗೆ ಗೊತ್ತಿಲ್ಲದ್ದು ಮೊನ್ನೆಯದು. ಅಣ್ಣನ ಮೊಮ್ಮಗಳು, “ಅಜ್ಜೀ, ಕಾಯಿಲೆ ಅಂತ ಅಲ್ಲ, ಆದ್ರೂ ಒಬ್ರನ್ನ ನೋಡ್ಕೊಂಡು ಬರೋಣ” ಎಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬರು ಡಾಕ್ಟರಮ್ಮ ನನ್ನನ್ನು ಮಾತಾಡಿಸಿ, ಬಹಳ ಹೊತ್ತು ಕೇಳಿಸಿಕೊಂಡು, ಒಂದು ಹೆಸರು ಹೇಳಿದರು. ಆಟಿಸಂ ಅಂತೆ ಸುಶೀಲಕ್ಕಾ. ಹುಟ್ಟಿದಾಗಿನಿಂದಲೂ ಇರುವಂಥದ್ದು, ರೋಗವಲ್ಲ, ತಲೆ ನಡೆಯುವ ದಾರಿ ಬೇರೆ, ಅಷ್ಟೆ. ನನ್ನಂಥವರು ಲೆಕ್ಕವಿಲ್ಲದಷ್ಟು ಜನ ಇದ್ದಾರಂತೆ! ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ? ಮೊಮ್ಮಗಳು ಕಣ್ಣೊರೆಸಿಕೊಂಡಳು. ಅವಳಿಗೆ ನಾನು ದುಃಖಪಡುತ್ತೇನೆಂದು ಭಯವಿತ್ತು. ದುಃಖವೇ? ನನಗೆ ಎದ್ದು ಕುಣಿಯುವಷ್ಟು ಖುಷಿಯಾಗಿತ್ತು!

ಕಡೆಗೆ ಡಾಕ್ಟರಮ್ಮ ಕೇಳಿದರು: “ಆ ಕಾಲದಲ್ಲಿ ಇದ್ರ ಬಗ್ಗೆ ಯಾರಿಗೂ ಏನೂ ಗೊತ್ತಿರ್ಲಿಲ್ಲ. ತುಂಬ ಒಂಟಿ ಅನ್ಸಿರ್ಬೇಕಲ್ವಾ ನಿಮಗೆ?”

“ಇಲ್ಲವಲ್ಲ, ತೀರ್ಥಹಳ್ಳಿಯಲ್ಲಿ ಸುಶೀಲಕ್ಕ ಇದ್ರು” ಎಂದೆ. ಅವರು ಪೆನ್ನು ಕೆಳಗಿಟ್ಟು, “ಯಾರವರು? ಹೇಳಿ” ಎಂದರು. ನಾನು ಹೇಳುತ್ತಾ ಹೋದೆ. ಹೊರಗೆ ಕಾಯುವವರು ಎರಡು ಸಲ ಬಾಗಿಲು ತೆರೆದು ನೋಡಿದರು. ನಾನು ನಿಲ್ಲಿಸಲಿಲ್ಲ, ಡಾಕ್ಟರಮ್ಮನೂ ತಡೆಯಲಿಲ್ಲ.

ನಿಮ್ಮ,
ವನಜಾಕ್ಷಿ