ಅಂಟಿಲ್ಲದ ಹಕ್ಕಿಗಳು

ಗುರುವಾರ, ಬೆಳಿಗ್ಗೆ ಹತ್ತೂವರೆ

ಅಕ್ಕನಿಗೆ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದು ಹಾಕಿರುವುದು ನಿನಗೆ ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಕಾಣಲಿ ಎಂದೇ ಬಿಟ್ಟಿದ್ದೇನೆ.

ಮಗಳು ಈಗಷ್ಟೇ ಮಲಗಿದಳು. ನನಗೆ ಸಿಗುವುದು ಮುಕ್ಕಾಲು ಗಂಟೆ. ಎಂಟು ತಿಂಗಳಿಂದ ಒಂದು ನಿದ್ದೆಯನ್ನೂ ಪೂರ್ತಿ ಮಾಡಿದವಳಲ್ಲ ನಾನು. ಅವಳು ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತೇನೆ, ಎದ್ದರೆ ಯಾಕೆ ಎದ್ದಳು ಎಂದು ನೋಡುತ್ತೇನೆ. ಹಾಲಿನ ಬಾಟಲಿಯನ್ನು ಮೂರು ಸಲ ಕುದಿಸುತ್ತೇನೆ. ಇವರು ಔಷಧಿ ಅಂಗಡಿ ಮುಚ್ಚಿ ಬಂದವರು ಒಲೆಯ ಕಡೆ ನೋಡಿ, "ಇನ್ನೊಂದ್ಸಲ ಕುದಿಸಿದ್ರೆ ಆ ಬಾಟ್ಲಿನೇ ಎದ್ದು ಮನೆ ಬಿಟ್ಟು ಹೋಗುತ್ತೆ" ಎನ್ನುತ್ತಾರೆ. ಆದ್ದರಿಂದ ಈ ಕಾಗದದಲ್ಲಿ ಎಲ್ಲಾದರೂ ಅಕ್ಷರ ಸೊಟ್ಟಗಾಗಿದ್ದರೆ ಅತ್ತಿದ್ದಾಳೆ ಎಂದುಕೊಂಡು ಸಮಾಧಾನಪಡಬೇಡ. ತೂಕಡಿಕೆ, ಅಷ್ಟೆ.

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದನ್ನು ಕಳಿಸಿದ್ದೇನೆ. ವಾಚನಾಲಯದ ಮಹಡಿಯಲ್ಲಿ ನಿನ್ನ ಹತ್ತಿರ ಕಾಗದದ ಕೆಲಸ ಕಲಿಯುವ ಇಪ್ಪತ್ತು ಜನ ಹೆಂಗಸರು ಸೇರಿ ಪ್ರದರ್ಶನ ಇಟ್ಟಿದ್ದೀರಿ, ಮನೆಗೆ ಬೇಕಾದ ಅಲಂಕಾರ, ನೆನಪಿಗೆ ಕೊಡುವ ಉಡುಗೊರೆ, ಎಲ್ಲವೂ ಕೈಯಲ್ಲೇ ಮಾಡಿದ್ದು. ಶನಿವಾರ ಹತ್ತಕ್ಕೆ ಅಪ್ಪ ಬಂದು ಬಾಗಿಲು ತೆರೆಯುತ್ತಾರೆ. ಒಳಗೆ ಬರುವವರಿಗೆ ಮೊದಲು ಕಾಣಬೇಕಾದದ್ದು ಮಗುವಿನ ತೊಟ್ಟಿಲಿಗೆಂದು ನೀನು ಮಾಡಿಕೊಟ್ಟ ಹಕ್ಕಿಗಳು. "ಅದಕ್ಕಿಂತ ಚೆನ್ನಾಗಿರೋದನ್ನ ನಾನು ಇವತ್ತಿನವರೆಗೂ ಮಾಡಿಲ್ಲ ಕಣೇ. ಮೂರೇ ದಿನ, ಕಳಿಸು. ನಂಗೆ ಪುರುಸೊತ್ತಿಲ್ಲ, ಸೀದಾ ವಾಚನಾಲಯಕ್ಕೇ ಕಳಿಸ್ಬಿಡು" ಅಂದೆ. ಅಂದಿದ್ದು ನೀನೇ. ಇದನ್ನು ನೆನಪಿಟ್ಟುಕೋ.

ಅಮ್ಮ ನಮಗಿಬ್ಬರಿಗೂ ಹಕ್ಕಿ ಮಡಿಸಲು ಕಲಿಸಿದ ದಿನ ನಿನಗೆ ಮರೆತಿರಲಾರದು. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಚ್ಚಾದ ಹಾಳೆಗಳನ್ನು ಮಡಿಸಿದವಳು ಅವಳು. ಪಕ್ಕದಲ್ಲೇ ಇದ್ದ ಕಾಗದ ಕತ್ತರಿಸುವ ಯಂತ್ರದ ಸದ್ದು ಅವಳ ಎರಡೂ ಕಿವಿ ತಿಂದಿತು. ಕಾರ್ಖಾನೆಯಲ್ಲಿ ಮಿಕ್ಕ ದಪ್ಪ ಬಿಳಿ ಹಾಳೆ ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ನಮಗೆ ಡಬ್ಬಿ, ಲಕೋಟೆ, ದೀಪದ ಮುಸುಕು, ಹಕ್ಕಿ ಎಲ್ಲ ಮಾಡಿಸುತ್ತಿದ್ದಳು. ನಾನು ಅಂಟಿನ ಡಬ್ಬಿಗೆ ಕೈ ಹಾಕಿದರೆ ಮರದ ಪಟ್ಟಿಯಿಂದ ಬೆರಳ ಮೇಲೆ ಒಂದು ಬೀಳುತ್ತಿತ್ತು. "ಅಂಟು ಯಾಕೆ? ಗೆರೆ ಸರಿಯಾಗಿ ಒತ್ತಿದ್ರೆ ಅದೇ ಹಿಡ್ಕೊಳ್ಳುತ್ತೆ. ಬೇಜಾರಾದಾಗ ಬಿಚ್ಚೋಕೂ ಬರ್ಬೇಕು." ನಾನು ಅವಳು ಆಚೆ ಹೋದಾಗ ಕದ್ದು ಅಂಟು ಹಚ್ಚುತ್ತಿದ್ದೆ. ನೀನು ಒಂದು ದಿನವೂ ಹಚ್ಚಲಿಲ್ಲ. ನೀನು ಅಮ್ಮನ ಶಿಷ್ಯೆ.

ಒಂದೇ ಒಂದು ಹನಿ ಹಚ್ಚಿದ್ದರೆ ಸಾಕಿತ್ತು ಅಕ್ಕ, ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹದಿನೈದು ದಿನದ ಹಿಂದೆ, ನಾನು ಬಟ್ಟೆ ಹಿಂಡಲು ಬಚ್ಚಲಿಗೆ ಹೋಗಿದ್ದೆ. ಹೋಗಿ ಬರುವಷ್ಟರಲ್ಲಿ ಇವಳು ತೊಟ್ಟಿಲ ಕಟಕಟೆ ಹಿಡಿದು ಎದ್ದು ನಿಂತು, ಅಂಚಿನ ಹಕ್ಕಿಯನ್ನು ದಾರ ಸಮೇತ ಕಿತ್ತು ಬಾಯಿಗೆ ತುರುಕಿಕೊಂಡಿದ್ದಳು. ತುಟಿಯೆಲ್ಲ ನೀಲಿ. ಬಾಯಿಗೆ ಬೆರಳು ಹಾಕಿ ತೆಗೆದೆ, ಇವರಿಗೆ ಫೋನ್ ಮಾಡಿದೆ, ಮೇಲಿನ ಮನೆಯ ನರ್ಸಮ್ಮನನ್ನು ಕೂಗಿದೆ. ಅವರು ಚಪ್ಪಲಿಯನ್ನೂ ಹಾಕದೆ ಇಳಿದು ಬಂದು, ಮಗುವಿನ ನಾಲಿಗೆ ನೋಡಿ, "ಶಾಯಿ ಕಣಮ್ಮ ಇದು. ಈ ವಯಸ್ಸಲ್ಲೇ ಓದೋಕೆ ಕೂತಿದ್ದಾಳೆ ನಿನ್ನ ಮಗಳು" ಅಂದರು. ಫೋನಿನಲ್ಲಿ ಇವರು, ಎಂಥ ಶಾಯಿ ಎಂದು ನೋಡಿ ಹೇಳು ಅಂದರು. ಬಿಳಿ ಹಕ್ಕಿಯೊಳಗೆ ಶಾಯಿ ಎಲ್ಲಿಂದ ಬಂತು ಎಂದು ನಾನು ಅದನ್ನು ಬಿಚ್ಚಿದೆ. ರೆಕ್ಕೆ ಬಿಚ್ಚಿತು, ಹೊಟ್ಟೆ ಬಿಚ್ಚಿತು, ಚೌಕ ಹಾಳೆಯಾಯಿತು.

'ಪಿಟ್ಟಿ, ಹೇಗಿದ್ದೀಯ.'

ಅಮ್ಮ ಬಿಟ್ಟರೆ ನನ್ನನ್ನು ಪಿಟ್ಟಿ ಎನ್ನುವವರು ಈ ಭೂಮಿಯ ಮೇಲೆ ಇಲ್ಲ.

ನಾನು ಈಗ ಸರಿಯಾಗಿ ಹೇಳಬೇಕಾದ ಮಾತೊಂದಿದೆ. ಊರು ಬಿಡುವ ದಿನ ನಾನು ಅಮ್ಮನಿಗೆ ಏನಂದೆ ಎಂಬುದನ್ನು ಇವರಿಗೂ ಹೇಳಿರಲಿಲ್ಲ. ಟ್ರಂಕು ಬಾಗಿಲಲ್ಲಿತ್ತು, ಅವಳು ಒಂದೇ ಸಮ ಹೋಗಬೇಡ ಹೋಗಬೇಡ ಅನ್ನುತ್ತಿದ್ದಳು, ನಾನು ರೇಗಿ, "ನಿನ್ನ ಥರ ಕಿವುಡಿಯಾಗಿ ಕಾಗದ ಮಡಿಸ್ತಾ ಸಾಯೋಕೆ ನನ್ನಿಂದಾಗಲ್ಲ" ಅಂದೆ. ಅಂದೆ. ತಪ್ಪು ನನ್ನದು. ಆಮೇಲೆ ಅಮ್ಮ ಹಾಸಿಗೆ ಹಿಡಿದಾಗ ನಾನು ಬಸುರಿ, ಮಂಚ ಬಿಟ್ಟು ಇಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಫೋನು ಕೇಳಿಸದು. ನಮ್ಮಿಬ್ಬರ ನಡುವೆ ಇದ್ದವಳು ನೀನೊಬ್ಬಳೇ. ಪ್ರತಿ ಭಾನುವಾರ ನಿನಗೆ ಫೋನ್ ಮಾಡಿ, ಅಮ್ಮ ಏನಾದರೂ ಅಂದಳಾ ಎಂದು ಕೇಳುತ್ತಿದ್ದೆ. ನೀನು, ಪಾಪ, ಎಷ್ಟು ಮೃದುವಾಗಿ, "ನಿನ್ನ ಹೆಸರೆತ್ತಿದ್ರೆ ಮುಖ ಆ ಕಡೆ ತಿರುಗಿಸ್ತಾಳೆ ಕಣೇ. ಬಿಡು, ಹೊಟ್ಟೇಲಿರೋ ಮಗೂನ ನೋಡ್ಕೋ" ಅನ್ನುತ್ತಿದ್ದೆ. ನನಗೆ ಏಳು ತಿಂಗಳು ತುಂಬಿದಾಗ ಅವಳು ಹೋದಳು. ಮುಖ ತಿರುಗಿಸಿಕೊಂಡೇ ಹೋದಳು ಎಂದು ನಾನು ನಂಬಿದ್ದೆ. ಹತ್ತು ತಿಂಗಳು ನಂಬಿದ್ದೆ.

ಅವತ್ತು ನರ್ಸಮ್ಮ ಮಗುವನ್ನು ಎತ್ತಿಕೊಂಡು ಮೇಲೆ ಹೋದರು. ನಾನು ನೆಲದ ಮೇಲೆ ಕೂತು ಉಳಿದ ಹಕ್ಕಿಗಳನ್ನು ಒಂದೊಂದಾಗಿ ಬಿಚ್ಚಿದೆ. ನಿನ್ನ ಮಡಿಕೆ ಚೆನ್ನಾಗಿದೆ, ಎಲ್ಲೂ ಹರಿಯಲಿಲ್ಲ.

ಎರಡನೆಯದರಲ್ಲಿ ಅಮ್ಮ ಬರೆದಿದ್ದಾಳೆ: 'ನೀನು ಕಿವುಡಿ ಅಂದದ್ದು ನನಗೆ ಕೇಳಿಸಲೇ ಇಲ್ಲ. ಕಿವುಡಿಗೆ ಹೇಗೆ ಕೇಳಿಸುತ್ತೆ ಹುಚ್ಚಿ. ನಿನ್ನ ಅಕ್ಕ ಚೀಟಿಯಲ್ಲಿ ಬರೆದು ತೋರಿಸಿದಳು. ಓದಿ ನಗು ಬಂತು. ಬೈಗುಳಕ್ಕೂ ಒಬ್ಬರು ಗುಮಾಸ್ತರು ಬೇಕಾಯಿತಲ್ಲ ಅಂತ.'

ಅಕ್ಕ, ಚೀಟಿಯಲ್ಲಿ ಬರೆದು ತೋರಿಸಿದೆಯಾ. ಪೆನ್ನು ಹುಡುಕಿ, ಕಾಗದ ಹುಡುಕಿ, ಪಕ್ಕದಲ್ಲಿ ಕೂತು, ಒಂದೊಂದೇ ಅಕ್ಷರ. ನಾನು ಅಂದದ್ದು ಸಿಟ್ಟಿನಲ್ಲಿ, ಅರ್ಧ ನಿಮಿಷದ ಮಾತು. ನೀನು ಅದನ್ನು ಪ್ರತಿ ಮಾಡಿ ಕೊಟ್ಟೆ.

ಆರನೆಯದರಲ್ಲಿ: 'ಮಗು ಹುಟ್ಟಿದ ಮೇಲೆ ನಿನಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ನೀನು ಹುಟ್ಟಿದಾಗ ನನಗೂ ಬರುತ್ತಿರಲಿಲ್ಲ. ಉಸಿರಾಟ ಕೇಳಿಸಿಕೊಳ್ಳೋಣ ಎಂದರೆ ಆಗಲೇ ನನ್ನ ಕಿವಿ ಮಂದ. ತೆಳು ಕಾಗದದ ಒಂದು ಚೂರು ನಿನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಅಲ್ಲಾಡಿದರೆ ಹೋಗಿ ಮಲಗುತ್ತಿದ್ದೆ. ನೀನೂ ಹಾಗೇ ಮಾಡು. ಎರಡು ಸಲ ನೋಡು, ಮೂರನೇ ಸಲ ಬೇಡ.'

ಮೂರನೇ ಸಲ ಬೇಡ ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಎಂಟು ತಿಂಗಳು ನಾನು ಮೂವತ್ತನೇ ಸಲ ಎದ್ದು ನೋಡಿದ್ದೇನೆ. ಅಮ್ಮ ಹೇಳಿದ್ದ ಮಾತು ತೊಟ್ಟಿಲಿನಿಂದ ಎರಡು ಅಡಿ ಮೇಲೆ ದಾರದಲ್ಲಿ ತಿರುಗುತ್ತಿತ್ತು. ಅದನ್ನು ನೀನು, ಮಗುವಿಗೆ ಎರಡು ತಿಂಗಳಾದಾಗ ಬಂದು, ಸ್ಟೂಲಿನ ಮೇಲೆ ಹತ್ತಿ, ನಿನ್ನ ಕೈಯಾರೆ ಕಟ್ಟಿ ಹೋದೆ. "ಅಮ್ಮನ ಹಾಳೆಯಲ್ಲೇ ಮಾಡಿದ್ದು" ಅಂದೆ. ನಾನು ನಿನ್ನನ್ನು ತಬ್ಬಿಕೊಂಡು ಅತ್ತೆ. ಆಗ ನೀನು ಎಲ್ಲಿ ನೋಡುತ್ತಿದ್ದೆ?

ಒಂದೇ ಬದಿ ಬರೆಯುತ್ತಿದ್ದಳಂತೆ. ಕಾರಣವನ್ನೂ ಬರೆದಿದ್ದಾಳೆ: 'ಬೆನ್ನ ಬದಿ ಬಿಳಿ ಬಿಟ್ಟಿದ್ದೇನೆ, ಓದಿ ಆದ ಮೇಲೆ ಏನಾದರೂ ಮಡಿಸಿಕೋ.' ಓದಿ ಆದ ಮೇಲೆ. ನಾನು ಓದುವ ಮೊದಲೇ ನೀನು ಮಡಿಸಿದೆ. ಸಾಲದ್ದಕ್ಕೆ, ಉದ್ದ ಹಾಳೆಯನ್ನು ಚೌಕ ಮಾಡಲು ಪ್ರತಿಯೊಂದರ ಕೆಳಗಿನ ನಾಲ್ಕು ಬೆರಳಗಲದ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದೀಯ. ಒಂದು ಕಾಗದಕ್ಕೂ ಕೊನೆಯ ಸಾಲುಗಳಿಲ್ಲ. ಅಮ್ಮ ನನಗೆ ಏನು ಹಾರೈಸಿ ಮುಗಿಸುತ್ತಿದ್ದಳೋ, ಕೆಳಗೆ ಏನೆಂದು ಸಹಿ ಹಾಕುತ್ತಿದ್ದಳೋ, ನನಗೆ ಇನ್ನೆಂದೂ ತಿಳಿಯುವುದಿಲ್ಲ. ಪಟ್ಟಿಗಳನ್ನು ನೀನು ಎಸೆಯುವವಳಲ್ಲ ಎಂದು ಗೊತ್ತು. ನೀನು ಕಳಿಸಿದ ಫೋಟೋದಲ್ಲಿ, ಅಪ್ಪನ ಕೋಣೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಕಾಗದದ ಸುರುಳಿ ಹೂಗಳಿವೆಯಲ್ಲ, ಬಿಳಿ, ನಡುನಡುವೆ ನೀಲಿ ಚುಕ್ಕೆ, ಅವೇ ಇರಬೇಕು. ಸುರುಳಿ ನಿಲ್ಲಬೇಕಾದರೆ ಮಾತ್ರ ಅಂಟು ಬೇಕೇ ಬೇಕು. ಅಲ್ಲಿ ಹಚ್ಚಿದ್ದೀಯ.

ಯಾಕೆ ಹೀಗೆ ಮಾಡಿದೆ ಎಂದು ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿತ್ತು, ನಿದ್ದೆಯಂತೂ ಬರುವುದಿಲ್ಲ. ಅಮ್ಮನ ಹಾಸಿಗೆ ಬದಲಿಸಿದವಳು ನೀನು. ಮೈ ಒರೆಸಿದವಳು, ಚಮಚದಲ್ಲಿ ಗಂಜಿ ಕುಡಿಸಿದವಳು ನೀನು. ಇಷ್ಟೆಲ್ಲ ಮಾಡಿಸಿಕೊಂಡು ಅವಳು ದಿಂಬಿಗೆ ಒರಗಿ ದೂರದಲ್ಲಿದ್ದ ನನಗೆ ಬರೆಯುತ್ತಿದ್ದಳು, ಬರೆದು ನಿನ್ನ ಕೈಯಲ್ಲೇ ಕೊಟ್ಟು ಅಂಚೆಗೆ ಹಾಕು ಅನ್ನುತ್ತಿದ್ದಳು. ನಿನ್ನ ಜಾಗದಲ್ಲಿ ನಾನಿದ್ದರೂ ಹೊಟ್ಟೆ ಉರಿಯುತ್ತಿತ್ತು. ಒಂದು ಕಾಗದ ಅಡಗಿಸಿದ್ದರೆ ಉರಿ ಅನ್ನಬಹುದಿತ್ತು. ಎಲ್ಲವನ್ನೂ ಇಟ್ಟುಕೊಂಡು, ಕತ್ತರಿಸಿ, ಮಡಿಸಿ, ದಾರ ಪೋಣಿಸಿ, ನನ್ನ ಮಗಳ ತಲೆಯ ಮೇಲೆ ತೂಗಿಬಿಟ್ಟು ಹೋಗಿದ್ದಕ್ಕೆ ನನಗೆ ಹೆಸರು ಸಿಕ್ಕಿಲ್ಲ. ಇವರು ಹೇಳಿದರು, "ಫೋನ್ ಮಾಡಿ ನಾಲ್ಕು ಮಾತು ಬೈದ್ಬಿಡು, ಹಗುರಾಗ್ತೀಯ." ಬೇಡ ಅಂದೆ. ನಾನು ಬೈದರೆ ನೀನು ಅಳುತ್ತೀಯ, ನೀನು ಅತ್ತರೆ ಕೊನೆಗೆ ಸಮಾಧಾನ ಮಾಡುವ ಕೆಲಸ ನನ್ನದಾಗುತ್ತದೆ. ಚಿಕ್ಕಂದಿನಿಂದ ಹಾಗೇ ಅಲ್ಲವಾ.

ಮತ್ತೆ ಅಪ್ಪ. ನನ್ನ ಹತ್ತಿರ ಅಪ್ಪ ಮಾತು ಬಿಟ್ಟಿದ್ದು ಯಾಕೆ ಎಂದು ನನಗೆ ಈಗ ಅರ್ಥವಾಯಿತು. ಮಗು ಹುಟ್ಟಿತು ಎಂದು ಫೋನ್ ಮಾಡಿದಾಗ ಅವರು, "ಅವಳು ಸಾಯೋವರೆಗೂ ಬರೆದಳು. ಒಂದು ಗೆರೆ ಉತ್ತರ ಬರೀಲಿಲ್ಲ ನೀನು" ಎಂದು ಇಟ್ಟುಬಿಟ್ಟರು. ಏನನ್ನು ಬರೆದಳು ಎಂದು ನಿನ್ನನ್ನೇ ಕೇಳಿದೆ. "ವಯಸ್ಸಾಯ್ತಲ್ಲ, ಏನೇನೋ ಅಂತಾರೆ" ಅಂದೆ.

ಅದಕ್ಕೇ ಫೋನ್ ಮಾಡಲಿಲ್ಲ. ಹಕ್ಕಿಗಳನ್ನು ಮತ್ತೆ ಮಡಿಸಿದೆ. ನೀನು ಹಾಕಿದ ಗೆರೆಗಳ ಮೇಲೇ ಮಡಿಸಿದೆ, ಒಂದು ಗೆರೆಯನ್ನೂ ಹೊಸದಾಗಿ ಹಾಕಲಿಲ್ಲ. ಆದರೆ ಹಾಳೆಯನ್ನು ಮಗುಚಿ ಮಡಿಸಿದೆ. ಬಿಳಿ ಒಳಗೆ, ಅಮ್ಮನ ಅಕ್ಷರ ಹೊರಗೆ. ಈಗ ರೆಕ್ಕೆ, ಬಾಲ, ಕೊಕ್ಕು, ಎಲ್ಲ ಕಡೆ ಅವಳ ದುಂಡು ಅಕ್ಷರ. ಗುಮಾಸ್ತರ ಸಾಲು ಒಂದರ ಎಡರೆಕ್ಕೆಯ ಮೇಲೆ ನೇರವಾಗಿ ಬಂದಿದೆ. ನಾನು ಹಾಗೆ ಬರಿಸಿದ್ದಲ್ಲ, ಅದೇ ಬಂತು. ಅಪ್ಪನ ಜೇಬಿನಲ್ಲಿ ಗಡಿಯಾರ ರಿಪೇರಿಯ ಭೂತಗನ್ನಡಿ ಯಾವಾಗಲೂ ಇರುತ್ತದೆ, ಓದಲು ಕಷ್ಟವಾಗುವುದಿಲ್ಲ. ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ಮಡಿಸಿದವರು ಎಂದು ನಿನ್ನ ಹೆಸರು ಹಾಕಿ, ಕೆಳಗೆ: 'ಇವು ಒಬ್ಬ ತಾಯಿ ಕಿರಿಮಗಳಿಗೆ ಬರೆದ ಪತ್ರಗಳು. ಅಂಚೆಗೆ ಹಾಕಿರಲಿಲ್ಲ. ಅಂಟು ಹಚ್ಚಿಲ್ಲ, ನೋಡುವವರು ಬಿಚ್ಚಿ ಓದಬಹುದು.'

ಪೆಟ್ಟಿಗೆ ನಿನ್ನೆಯೇ ವಾಚನಾಲಯ ತಲುಪಿದೆ. ಅಲ್ಲಿನ ಮೇಲ್ವಿಚಾರಕರಿಗೆ ಫೋನ್ ಮಾಡಿ ಅಕ್ಕನಿಗೆ ಮೊದಲೇ ತೋರಿಸಬೇಡಿ ಎಂದು ಕೇಳಿಕೊಂಡೆ. "ಅಚ್ಚರಿ ಕೊಡ್ತೀರಾ? ಆಗ್ಲಿ ತಾಯಿ, ಶನಿವಾರ ಬೆಳಿಗ್ಗೆ ನಾನೇ ಕಟ್ಟಿಸ್ತೀನಿ" ಅಂದರು. ಒಳ್ಳೆಯ ಮನುಷ್ಯ. ಈ ಕಾಗದವನ್ನು ಇವತ್ತು ಹನ್ನೆರಡರೊಳಗೆ ಹಾಕಿದರೆ ನಿಮ್ಮ ಮನೆಗೆ ಬರುವುದು ಶನಿವಾರ ಮಧ್ಯಾಹ್ನ. ನೀನು ಇದನ್ನು ಓದುವ ಹೊತ್ತಿಗೆ ಅಪ್ಪ ಬಾಗಿಲು ತೆರೆದಾಗಿರುತ್ತದೆ. ನಿನ್ನ ಇಪ್ಪತ್ತು ಜನ ಶಿಷ್ಯೆಯರು ಹಕ್ಕಿಯ ಕೆಳಗೆ ತಲೆಯೆತ್ತಿ ನಿಂತಾಗಿರುತ್ತದೆ. ನೀನು ಅವರಿಗೆ ಏನು ಹೇಳಿದೆ ಎಂದು ತಿಳಿದುಕೊಳ್ಳುವ ಆಸೆಯಿದೆ. ಬರೆದು ತಿಳಿಸು. ಬರೆದು ತೋರಿಸುವುದು ನಿನಗೆ ರೂಢಿಯಲ್ಲವಾ.

ತೊಟ್ಟಿಲು ಅಲ್ಲಾಡಿತು. ಕಾಗದದ ಚೂರು ಹಿಡಿದು ನೋಡಿ ಬಂದೆ. ಎರಡನೇ ಸಲ. ಮೂರನೇ ಸಲ ಹೋಗುವುದಿಲ್ಲ.

ನಿನ್ನ ತಂಗಿ, ಅಮ್ಮನ
ಪಿಟ್ಟಿ

ಮರೆತ ಮಾತು: ನೀನು ಕಟ್ಟಿಹೋದ ಹಕ್ಕಿಗಳು ಹನ್ನೊಂದು. ಪೆಟ್ಟಿಗೆಯಲ್ಲಿರುವುದು ಹತ್ತು. ಲೆಕ್ಕ ತಪ್ಪಿತು ಎಂದು ಮೇಲ್ವಿಚಾರಕರನ್ನು ಬಯ್ಯಬೇಡ. ನೀನು ಅಮ್ಮನ ಕಾಗದಗಳನ್ನು ಓದಿ ಮಡಿಸಿದೆಯೋ ಓದದೆ ಮಡಿಸಿದೆಯೋ ಎಂದು ಹತ್ತನೆಯದರವರೆಗೂ ನನಗೆ ಅನುಮಾನವಿತ್ತು. ಹನ್ನೊಂದನೆಯದನ್ನು ಬಿಚ್ಚಿದಾಗ ಹೋಯಿತು, ನೀನು ಓದಿಲ್ಲ. ಅದು 'ದೊಡ್ಡವಳೇ' ಎಂದು ಶುರುವಾಗುತ್ತದೆ. ಪೂರ್ತಿ ಒಂದು ಪುಟ, ನಿನಗೇ ಬರೆದದ್ದು. ಕೆಳಗಿನ ನಾಲ್ಕು ಬೆರಳು ಅದಕ್ಕೂ ಇಲ್ಲ, ನಿನ್ನ ಕತ್ತರಿ ನಿನ್ನದನ್ನೂ ಬಿಟ್ಟಿಲ್ಲ. ನಾನು ಎರಡು ಸಲ ಓದಿದೆ. ಅದರಲ್ಲಿ ಏನಿದೆ ಎಂದು ಹೇಳುವುದಿಲ್ಲ. ಮೊದಲಿದ್ದ ಹಾಗೇ, ಬರಹ ಒಳಗೆ ಮಾಡಿ ಮಡಿಸಿ, ತೊಟ್ಟಿಲ ಮೇಲೆ ಅದೇ ದಾರಕ್ಕೆ ಕಟ್ಟಿದ್ದೇನೆ. ಯಾವತ್ತಾದರೂ ಅಂಚೆಗೆ ಹಾಕುತ್ತೇನೆ. ಅಷ್ಟು ಕಾಯಲಾಗದಿದ್ದರೆ ನೀನೇ ಬಂದು ಬಿಚ್ಚಿಕೋ. ಬರುವುದಾದರೆ ಬೇಗ ಬಾ. ಇವಳಿಗೆ ಕೆಳಗಿನ ಎರಡು ಹಲ್ಲು ಬಂದಾಗಿದೆ, ಮೇಲಿನದು ಒಡೆಯುತ್ತಿದೆ, ಈಗ ತುದಿಗಾಲಲ್ಲಿ ನಿಂತರೆ ಕೈ ದಾರಕ್ಕೆ ಎಟಕುತ್ತದೆ.