ಸೊಸೆಯ ಕೈಗುಣ

ಕಾರ್ಖಾನೆಯ ಹಿಂದಿನ ಬೀದಿ,
ಮೇ ಹತ್ತು, ಭಾನುವಾರ

ನನ್ನ ಮುದ್ದು ಮಗನೇ,

ಹೇಗಿದ್ದೀಯಪ್ಪಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಹಡಗಿನವರಿಗೆಲ್ಲ ಬೇಯಿಸಿ ಹಾಕಿ ನೀನು ತಳದ ಸೀಕಲು ಕೆರೆದುಕೊಳ್ಳುತ್ತಿದ್ದೀಯೋ? ಯಾವ ಬಂದರಿನಲ್ಲೂ ನಿಮ್ಮನ್ನು ಇಳಿಯಲು ಬಿಡುತ್ತಿಲ್ಲ ಎಂದು ಕಂಪನಿಯ ಗುಮಾಸ್ತ ಫೋನಿನಲ್ಲಿ ಹೇಳಿದ. ಕಾಗದ ಕೊಟ್ಟರೆ ಹೇಗಾದರೂ ತಲುಪಿಸುತ್ತಾನಂತೆ. ಇಲ್ಲೂ ಅದೇ ಕಥೆ. ಅಂಗಡಿ ಮುಚ್ಚಿದೆ, ಬಸ್ಸು ನಿಂತಿದೆ, ಕಾರ್ಖಾನೆಯ ಸೈರನ್ ಕೂಗಿ ತಿಂಗಳ ಮೇಲಾಯಿತು. ಜನಕ್ಕೆಲ್ಲ ಕಷ್ಟ. ನಮ್ಮ ಮನೆಗೆ ಮಾತ್ರ, ಹೇಳಬಾರದು, ಒಳ್ಳೆಯ ಕಾಲ ಬಂದಿದೆ.

ನಿನ್ನ ಹೆಂಡತಿಯನ್ನು ನಾನು ತವರಿಗೆ ಅಟ್ಟಿದ್ದು ಗೊತ್ತೇ ಇದೆ. ಯಾಕೆ ಎಂದು ಅವಳು ನಿನಗೆ ಅತ್ತು ಹೇಳಿರುತ್ತಾಳೆ, ಈಗ ನಿನ್ನ ತಾಯಿಯ ಬಾಯಿಂದಲೂ ಕೇಳು. ನರ್ಸಿಂಗ್ ಹೋಮಿನ ದೊಡ್ಡ ನರ್ಸಮ್ಮ ನಾವು ಒಗೆದ ಹಾಸಿಗೆ ಬಟ್ಟೆಗಳನ್ನು ನನ್ನ ಮುಂದೆ ಎಸೆದು, ಇದು ಒಗೆದಿದ್ದೋ ನೆಲ ಒರೆಸಿದ್ದೋ ಎಂದು ಕೇಳಿದಳು. ನಾಲ್ಕು ಜನರ ಎದುರು! ನಿನ್ನಪ್ಪ ಇದ್ದ ಕಾಲದಲ್ಲಿ ನಮ್ಮ ಬಟ್ಟೆ ನೋಡಿದವರು ಕಣ್ಣು ಕಿರಿದು ಮಾಡುತ್ತಿದ್ದರು, ಅಷ್ಟು ಬಿಳುಪು. ಈ ಮಹಾರಾಯತಿ ಮನೆ ಹೊಕ್ಕ ವರ್ಷದಿಂದ ಬೂದುಬಣ್ಣ. ಕೇಳಿದರೆ, "ಅತ್ತೇ, ಚಿಮಣಿ ಮಸಿ ಬೀಳ್ತಿದೆ, ಒಳಗೆ ಒಣಗಿಸೋಣ" ಅನ್ನುವಳು. ಕುಣಿಯಲಾರದವಳಿಗೆ ನೆಲ ಡೊಂಕು, ಇವಳಿಗೆ ಚಿಮಣಿ ಡೊಂಕು. ಅವಳು ಬಂದ ವರ್ಷವೇ ಕಾರ್ಖಾನೆಯವರು ಎರಡನೆಯ ಚಿಮಣಿ ಎಬ್ಬಿಸಿದ್ದು ನಿಜ. ಆದರೆ ಚಿಮಣಿ ಬಂದು ನಮ್ಮ ಬಟ್ಟೆ ಒಗೆಯುತ್ತದೆಯೇ? ಕೈಗುಣ ಕಣೋ, ಎಲ್ಲ ಕೈಗುಣ.

ಅವಳು ಹೊಸಿಲು ದಾಟಿ ತವರಿಗೆ ಹೋದ ವಾರವೇ ಈ ಹೊಸ ರೋಗದ ಭಯಕ್ಕೆ ಊರಿಗೆ ಬೀಗ ಬಿತ್ತು. ಅದಾದ ಮೇಲೆ ಹಗ್ಗದ ಮೇಲೆ ಹರವಿದ ಬಟ್ಟೆ ಹರವಿದಷ್ಟೇ ಬೆಳ್ಳಗೆ ಕೈಗೆ ಬರುತ್ತಿದೆ. ಅದೇ ಸೋಪು, ಅದೇ ನೀರು, ಅದೇ ಕಲ್ಲು. ನರ್ಸಮ್ಮ ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲಿಂದಲೇ ನಕ್ಕು ಇನ್ನೊಂದು ಗಂಟು ಹೆಚ್ಚಿಗೆ ಕೊಟ್ಟಳು. ನಮ್ಮ ಮಾಳಿಗೆಯಿಂದ ಎಂದೂ ಕಾಣದ ಗುಡ್ಡವೊಂದು ಈಗ ಕಾಣುತ್ತದೆ. ರೇಡಿಯೋದವನು ಊರಿನ ಗಾಳಿ ತೊಳೆದಂತಾಗಿದೆ ಅಂದ. ಔಷಧಿ ಅಂಗಡಿಯವನೂ ಬೇಲಿಯಾಚೆ ನಿಂತು, "ಹೊಗೆ ನಿಂತಿದ್ದಕ್ಕೇ ಅಮ್ಮ ಇದೆಲ್ಲ" ಅಂದ. ಅಂಥವರಿಗೆ ನಮ್ಮ ಮನೆಯ ಒಳಗುಟ್ಟು ಹೇಗೆ ಗೊತ್ತಾಗಬೇಕು ಹೇಳು.

ಇನ್ನು ಪುಟ್ಟಿಯ ವಿಷಯ. ನಿನ್ನ ಮಗಳ ಕೆಮ್ಮು ನಿಂತಿದೆ! ಬಾಯಿಗೆ ಹಿಡಿಯುವ ಆ ಔಷಧಿ ಡಬ್ಬಿ ಮೂಲೆಯಲ್ಲಿ ಬಿದ್ದಿದೆ. ಅವಳಮ್ಮ ರಸ್ತೆಯ, ಚಿಮಣಿಯ ಕಡೆಗಿರುವ ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಮಗುವನ್ನು ಉಪ್ಪಿನಕಾಯಿ ಹಾಕಿಟ್ಟ ಹಾಗೆ ಇಟ್ಟಿದ್ದಳಲ್ಲ, ಅವಳು ಹೋದ ಮಾರನೆಯ ದಿನವೇ ಆ ಚಿಂದಿ ಕಿತ್ತೆಸೆದು ಕಿಟಕಿ ತೆರೆದೆ. ಈಗ ಗೆಲುವಾಗಿ ಓಡಾಡುತ್ತಾಳೆ, ನನಗೆ ಬಟ್ಟೆಯ ಕ್ಲಿಪ್ಪು ಎತ್ತಿಕೊಡುತ್ತಾಳೆ. ಅಮ್ಮ ಅಮ್ಮ ಎಂದು ಒಂದೇ ಸಮನೆ ಪೀಡಿಸಿದಾಗ ಒಂದು ಮಾತು ಹೇಳಿಕೊಟ್ಟೆ: ನಿನ್ನಮ್ಮ ಕೆಮ್ಮನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಾಳೆ, ಅವಳು ಬಂದರೆ ಅದೂ ಬರುತ್ತದೆ. ಅಂದಿನಿಂದ ಕೇಳಿಲ್ಲ.

ಆದ್ದರಿಂದ ಮಗನೇ, ಮನಸ್ಸು ಗಟ್ಟಿ ಮಾಡು. ಹಡಗು ಇಳಿದ ಮೇಲೆ ನಿನಗೆ ಬೇರೆ ಹೆಣ್ಣು ನೋಡೋಣ. ಬೆಚ್ಚಗಿರು, ಸಮುದ್ರದ ಗಾಳಿ ಎದೆಗೆ ಒಳ್ಳೆಯದಲ್ಲ. ನಿನಗೆ ನನ್ನ ಆಯಸ್ಸೂ ಸೇರಲಿ.

ನಿನ್ನ ಹೆತ್ತ ತಾಯಿ

ಮರೆತ ಮಾತು: ಗುಮಾಸ್ತ ಕಾಗದ ಒಯ್ಯಲು ಬಾರದೆ ಇದು ಇಷ್ಟು ದಿನ ಇಲ್ಲೇ ಉಳಿದಿತ್ತು. ಈಗ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾರ್ಖಾನೆ ಶುರುವಾಗಿದೆ. ಬಸ್ಸೂ ಬಿಟ್ಟಿದ್ದಾರೆ. ಬಟ್ಟೆ ಮತ್ತೆ ಬೂದುಬಣ್ಣ. ಮುಟ್ಟುವವರು ನಾನು ಮತ್ತು ಪುಟ್ಟಿ, ಇಬ್ಬರೇ. ನನ್ನ ಕೈ ಎಂಥದೆಂದು ಊರಿಗೇ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವಳು ನಾನಲ್ಲ, ಆದರೆ ತಾಯಿಯ ಕೈ ಮಗಳಿಗೆ ಬರದೆ ಇರುತ್ತದೆಯೇ? ಬಟ್ಟೆಯ ಹತ್ತಿರ ಸುಳಿಯಬೇಡ ಎಂದು ಪುಟ್ಟಿಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದೇನೆ. ಕೆಮ್ಮೂ ಬಂದಿದೆ, ಮೊದಲಿಗಿಂತ ಜೋರು. ನಿನ್ನ ಹೆಂಡತಿ ಫೋನು ಮಾಡಿ, "ಕಾಲಿಗೆ ಬೀಳ್ತೀನಿ ಅತ್ತೇ, ಆ ಕಿಟಕಿ ಮುಚ್ಚಿ, ನಾನು ಬರ್ತೀನಿ" ಎಂದು ಗೋಳಾಡಿದಳು. ತೆರೆದ ಕಿಟಕಿಯಿಂದಲೇ ಅಲ್ಲವೇ ಮಗು ಗುಣವಾಗಿದ್ದು? ಬಡಗಿಯನ್ನು ಕರೆಸಿ ಕಿಟಕಿಯ ಬಾಗಿಲನ್ನೇ ಕೀಳಿಸಿದೆ. ಅವಳು ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ, ಬರಬೇಡ ಎಂದು ನೀನೇ ಅವಳಿಗೆ ಬೇಗ ತಿಳಿಸು. ಪುಟ್ಟಿಯನ್ನು ಮಾತ್ರ ಆ ಕಿಟಕಿಯಿಂದ ಎಬ್ಬಿಸಲಾಗುತ್ತಿಲ್ಲ. ಎದೆ ಸೀಟಿ ಹೊಡೆಯುತ್ತಿದ್ದರೂ ಕಂಬಿ ಹಿಡಿದು ರಸ್ತೆ ನೋಡುತ್ತಾ ನಗುತ್ತಾಳೆ. "ಅಜ್ಜೀ, ಕೆಮ್ಮು ಬಂತು, ಅಮ್ಮ ಎಲ್ಲಿವರೆಗೆ ಬಂದ್ಲು?" ಎಂದು ಕೇಳುತ್ತಾಳೆ.